ಕಮ್ಯೂನಿನಲ್ಲಿ ಮುಪ್ಪು: ಎರಡು ಅಮೆರಿಕನ್ ಸಮುದಾಯಗಳ ಕುರಿತು ಒಂದು ಸಂಶೋಧನಾ ಟಿಪ್ಪಣಿ

ಕಮ್ಯೂನುಗಳ ಅಧ್ಯಯನ ಮಾಡುವವರು ಬಹುಕಾಲದಿಂದ ಬಳಸುತ್ತಿರುವ ಒಂದು ಅಳತೆಗೋಲನ್ನು ಕೊಟ್ಟವರು ಸಮಾಜಶಾಸ್ತ್ರಜ್ಞೆ ರೋಸಾಬೆತ್ ಮಾಸ್ ಕ್ಯಾಂಟರ್. ಹತ್ತೊಂಬತ್ತನೆಯ ಶತಮಾನದ ಅಮೆರಿಕದ 30 ಸಮುದಾಯಗಳನ್ನು ಪರಿಶೀಲಿಸಿದ ಅವರು, 25 ವರ್ಷ ಬಾಳಿದವನ್ನು ಯಶಸ್ವಿ ಎಂದು ಪರಿಗಣಿಸಿದರು. ಆ ಲೆಕ್ಕದಲ್ಲಿ ಗೆದ್ದವು ಒಂಬತ್ತು. ಅವರ ಪುಸ್ತಕ ಬಂದದ್ದು 1972ರಲ್ಲಿ, ಹಿಪ್ಪಿ ಕಮ್ಯೂನುಗಳು ಒಂದರ ಹಿಂದೊಂದು ತಲೆಯೆತ್ತುತ್ತಿದ್ದ ಹೊತ್ತಿನಲ್ಲಿ. ಆದರೆ ಈ ಅಳತೆ ಹೇಳುವುದು ಸಮುದಾಯದ ವಯಸ್ಸನ್ನು. ಅದರೊಳಗೆ ಬದುಕುವವರ ವಯಸ್ಸು ಅದಕ್ಕೆ ಕಾಣುವುದಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಸೇರಿದವರಿಗೆ, ಸಮುದಾಯ 25 ವರ್ಷ ತುಂಬಿಸಿಕೊಂಡಾಗ, ಇನ್ನೂ ನಲವತ್ತೇಳು. ಕಟ್ಟಿಗೆ ಒಡೆಯುವ ಕೈ ಸೋಲುವುದು, ಔಷಧದ ಖರ್ಚು ಏರುವುದು, ಆರೈಕೆ ಕೊಡುತ್ತಿದ್ದವರೇ ಆರೈಕೆ ಬೇಡುವುದು ಇವೆಲ್ಲ ಆಮೇಲಿನ ಮಾತು.

ಯೌವನದ ಆದರ್ಶ ಮುಪ್ಪಿನವರೆಗೆ ಉಳಿಯಿತೇ ಎಂಬುದನ್ನು ಸದಸ್ಯರ ನೆನಪು, ನಂಬಿಕೆಗಳಲ್ಲಿ ಹುಡುಕುವ ಅಧ್ಯಯನಗಳು ಬೇಕಾದಷ್ಟಿವೆ. ಅದನ್ನು ದುಡಿಮೆಯ ಪಟ್ಟಿಯಲ್ಲಿ, ಖಾತೆ ಪುಸ್ತಕದಲ್ಲಿ ಹುಡುಕಬೇಕು ಎಂಬುದು ಈ ಟಿಪ್ಪಣಿಯ ವಾದ. ಅದಕ್ಕೆ ಎರಡು ನಿದರ್ಶನ ತೆಗೆದುಕೊಂಡಿದ್ದೇನೆ.

ಮೊದಲನೆಯದು ಟೆನೆಸಿ ರಾಜ್ಯದ ಸಮ್ಮರ್‌ಟೌನ್ ಬಳಿಯ 'ದಿ ಫಾರ್ಮ್'. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀಫನ್ ಗ್ಯಾಸ್ಕಿನ್ ನಡೆಸುತ್ತಿದ್ದ ಸೋಮವಾರ ರಾತ್ರಿಯ ಉಪನ್ಯಾಸಗಳಿಗೆ ಬರುತ್ತಿದ್ದ ತರುಣ ತರುಣಿಯರು 1970ರಲ್ಲಿ ಹಳೆಯ ಶಾಲಾ ಬಸ್ಸುಗಳನ್ನೇರಿ ದೇಶ ಸುತ್ತಿದರು. 1971ರಲ್ಲಿ ಎಕರೆಗೆ 70 ಡಾಲರಿನಂತೆ ಸಾವಿರ ಎಕರೆ ಕೊಂಡು ಅಲ್ಲೇ ನೆಲೆ ನಿಂತರು. ಮೊದಲು ಬಂದವರು ಸುಮಾರು 320 ಮಂದಿ. ಹತ್ತು ವರ್ಷದೊಳಗೆ ಸಾವಿರಕ್ಕೂ ಮೀರಿದರು. ಎಲ್ಲರದೂ ಒಂದೇ ಹಣದ ಚೀಲ, ಸಸ್ಯಾಹಾರ, ಸೋಯಾ ಹಾಲು. 1974ರಲ್ಲಿ ಹುಟ್ಟಿದ ಅವರ ಸೇವಾಸಂಸ್ಥೆ 'ಪ್ಲೆಂಟಿ', 1976ರ ಭೂಕಂಪದ ನಂತರ ಗ್ವಾಟೆಮಾಲಾದಲ್ಲಿ ಮನೆ ಕಟ್ಟಿಕೊಟ್ಟಿತು.

ಈ ಸಮುದಾಯ ಹೊರಜಗತ್ತಿಗೆ ಕಲಿಸಿದ ಬಹುದೊಡ್ಡ ವಿದ್ಯೆ ಹೆರಿಗೆಯದು. ಐನಾ ಮೇ ಗ್ಯಾಸ್ಕಿನ್ ಮತ್ತು ಅವರ ಜೊತೆಗಾರ್ತಿಯರು ಮನೆಯಲ್ಲೇ ಹೆರಿಗೆ ಮಾಡಿಸುತ್ತ ಸೂಲಗಿತ್ತಿಯ ಕಸುಬಿಗೆ ಅಮೆರಿಕದಲ್ಲಿ ಮತ್ತೆ ಮರ್ಯಾದೆ ತಂದರು. ಅವರ 'ಸ್ಪಿರಿಚುವಲ್ ಮಿಡ್‌ವೈಫರಿ' ಪುಸ್ತಕ ಇಂದಿಗೂ ಓದಿಸಿಕೊಳ್ಳುತ್ತದೆ. ಇದು ನನಗೆ ಬಹಳ ಮುಖ್ಯವೆನಿಸುವ ಸಂಗತಿ. ಸದಸ್ಯರಲ್ಲಿ ಬಹುಪಾಲು ಇಪ್ಪತ್ತರ ಹರೆಯದವರು. ಹುಟ್ಟು ಅವರ ದಿನನಿತ್ಯದ ಅಗತ್ಯವಾಗಿತ್ತು, ಆದ್ದರಿಂದ ಅದಕ್ಕೊಂದು ಕ್ರಮ ಬೆಳೆಯಿತು, ಕಲಿತ ಕೈಗಳು ಸಿದ್ಧವಾದವು. ಮುಪ್ಪು ಆಗ ಯಾರ ಮನೆಯ ಬಾಗಿಲಿಗೂ ಬಂದಿರಲಿಲ್ಲ, ಅದಕ್ಕೆ ಕ್ರಮವೂ ಬೆಳೆಯಲಿಲ್ಲ.

ಸಾಲ ಹೊರಲಾರದಷ್ಟು ಬೆಳೆದಾಗ, 1983ರಲ್ಲಿ ಫಾರ್ಮ್ ತನ್ನ ಒಂದೇ ಚೀಲದ ವ್ಯವಸ್ಥೆಯನ್ನು ಕೈಬಿಟ್ಟಿತು. ಭೂಮಿ ಮಾತ್ರ ಸಮುದಾಯದ ಹೆಸರಿನಲ್ಲೇ ಉಳಿಯಿತು. ಮನೆಖರ್ಚು ಅವರವರದು, ಮೇಲಾಗಿ ಪ್ರತಿ ವಯಸ್ಕರೂ ತಿಂಗಳಿಗಿಷ್ಟು ವಂತಿಗೆ ಕಟ್ಟಬೇಕು. ನೂರಾರು ಜನ ಊರು ಬಿಟ್ಟರು. ಈ ತಿರುವನ್ನು ಆದರ್ಶದ ಸೋಲೆಂದು ಬರೆಯುವುದು ರೂಢಿ. ವಯಸ್ಸಿನ ಕಡೆಯಿಂದ ನೋಡಿದರೆ ಚಿತ್ರ ಬೇರೆ. 1971ರಲ್ಲಿ ಇಪ್ಪತ್ತೆರಡಾಗಿದ್ದವರಿಗೆ 1983ರಲ್ಲಿ ಮೂವತ್ತನಾಲ್ಕು. ಹೊರಗೆ ದುಡಿದು ವೃದ್ಧಾಪ್ಯಕ್ಕೆ ನಾಲ್ಕು ಕಾಸು ಕೂಡಿಡಲು ಅವರಿಗೆ ಇನ್ನೂ ಮೂರು ದಶಕ ಇತ್ತು. ಅದೇ ಒಡಕು ಇಪ್ಪತ್ತು ವರ್ಷ ತಡವಾಗಿ ಬಂದಿದ್ದರೆ ಬೀದಿಗೆ ಬೀಳುತ್ತಿದ್ದವರು ಐವತ್ತು ದಾಟಿದವರು.

ಸ್ಟೀಫನ್ ಗ್ಯಾಸ್ಕಿನ್ ಮುಪ್ಪಿನ ಈ ಪ್ರಶ್ನೆಯನ್ನು ಕಡೆಗಣಿಸಲಿಲ್ಲ ಎಂಬುದನ್ನು ಹೇಳಲೇಬೇಕು. ಫಾರ್ಮಿನ ನೆರೆಯಲ್ಲೇ ನೂರು ಎಕರೆಯಷ್ಟು ಜಾಗದಲ್ಲಿ 'ರೊಸಿನಾಂಟೆ' ಎಂಬ ನೆಲೆಯನ್ನು ಅವರು ಯೋಜಿಸಿದರು. ಡಾನ್ ಕ್ವಿಕ್ಸೋಟನ ಕುದುರೆಯ ಹೆಸರು ಅದು. ವಯಸ್ಸಾದ ಹಿಪ್ಪಿಗಳು ಸಣ್ಣ ಮನೆ ಕಟ್ಟಿಕೊಂಡು ಒಬ್ಬರಿಗೊಬ್ಬರು ಆಸರೆಯಾಗಿರಬೇಕು, ಹತ್ತಿರದಲ್ಲೇ ಹೆರಿಗೆಯ ಕೇಂದ್ರವೂ ಇರಬೇಕು ಎಂಬುದು ಅವರ ಆಶಯ. ಹುಟ್ಟು ಮತ್ತು ಮುಪ್ಪು ಒಂದೇ ಬೇಲಿಯೊಳಗೆ ಇರಲಿ ಎಂಬ ಆ ಯೋಚನೆಯನ್ನು ನಾನು ತುಂಬ ಗೌರವಿಸುತ್ತೇನೆ. ಆದರೆ ಫಾರ್ಮಿನ ಮೊದಲ ದಿನಗಳ ಕಟ್ಟಳೆಯಲ್ಲಿ ಅದಕ್ಕೆ ಬೇರು ಇರಲಿಲ್ಲ. ಕೂದಲು ನರೆತ ಮೇಲೆ ಪಕ್ಕದಲ್ಲಿ ಹೊಸದಾಗಿ ಕಟ್ಟಬೇಕಾಗಿ ಬಂತು. ಗ್ಯಾಸ್ಕಿನ್ 2014ರಲ್ಲಿ, 79ನೆಯ ವಯಸ್ಸಿನಲ್ಲಿ, ಫಾರ್ಮಿನಲ್ಲೇ ತೀರಿಕೊಂಡರು.

ಎರಡನೆಯ ನಿದರ್ಶನ ವರ್ಜೀನಿಯಾದ 'ಟ್ವಿನ್ ಓಕ್ಸ್'. ಬಿ. ಎಫ್. ಸ್ಕಿನ್ನರ್ ಬರೆದ 'ವಾಲ್ಡನ್ ಟೂ' ಕಾದಂಬರಿಯಿಂದ ಪ್ರೇರಣೆ ಪಡೆದ ಎಂಟು ಮಂದಿ 1967ರಲ್ಲಿ ಆರಂಭಿಸಿದ್ದು. ಫಾರ್ಮಿನ ಹಾಗೆ ಇಲ್ಲಿ ಗುರುವಿಲ್ಲ, ಇರುವುದು ಗಂಟೆಗಳ ಲೆಕ್ಕ. ಪ್ರತಿ ಸದಸ್ಯರೂ ವಾರಕ್ಕೆ ಸುಮಾರು 42 ಗಂಟೆ ದುಡಿಯಬೇಕು. ಅಡುಗೆ, ಪಾತ್ರೆ ತೊಳೆಯುವುದು, ಮಕ್ಕಳನ್ನು ನೋಡಿಕೊಳ್ಳುವುದು, ತೋಫು ಮಾಡುವುದು, 2024ರವರೆಗೆ ಹಗ್ಗದ ತೂಗುಮಂಚ ಹೆಣೆಯುವುದೂ, ಎಲ್ಲ ಗಂಟೆಗೂ ಒಂದೇ ಬೆಲೆ. ಕಾಯಿಲೆ ಬಿದ್ದವರ ಗಂಟೆಗಳೂ ಲೆಕ್ಕಕ್ಕೆ ಸೇರುತ್ತವೆ. ಐವತ್ತು ದಾಟಿದವರಿಗೆ ಪ್ರತಿ ವರ್ಷ ವಾರದ ಪಾಲಿನಿಂದ ಒಂದು ಗಂಟೆ ಕಡಿಮೆ. ಹೀಗಾಗಿ ಎಪ್ಪತ್ತರವರ ಪಾಲು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಊಟ, ವಸತಿ, ಔಷಧ ಮಾತ್ರ ಮೊದಲಿನಂತೆಯೇ ಸಿಗುತ್ತದೆ. ಮುದುಕರಿಗೆ ದಯೆ ತೋರಿಸಿ ಎಂದು ಯಾರೂ ಯಾರನ್ನೂ ಕೇಳಬೇಕಿಲ್ಲ. ಸಮಾನತೆಯ ಆದರ್ಶ ಇಲ್ಲಿ ಒಂದು ಸರಳ ಕಳೆಯುವ ಲೆಕ್ಕವಾಗಿ ಉಳಿದುಕೊಂಡಿದೆ.

ಇದಕ್ಕೊಂದು ಕಾನೂನಿನ ಮಗ್ಗುಲೂ ಇದೆ. ಒಂದೇ ಖಜಾನೆಯ ಸಮುದಾಯಗಳಿಗಾಗಿ ಅಮೆರಿಕದ ತೆರಿಗೆ ಸಂಹಿತೆಯಲ್ಲಿ 501(ಡಿ) ಎಂಬ ವಿಧಿ 1936ರಿಂದ ಇದೆ. ಅದರ ಸೌಲಭ್ಯ ಪಡೆಯಲು ಸದಸ್ಯರು ಬಡತನದ ಪ್ರತಿಜ್ಞೆ ಮಾಡಿರಬೇಕಾಗಿಲ್ಲ ಎಂಬ ತೀರ್ಪನ್ನು ಟ್ವಿನ್ ಓಕ್ಸ್ 1986ರಲ್ಲಿ ತೆರಿಗೆ ನ್ಯಾಯಾಲಯದಲ್ಲಿ ಪಡೆದುಕೊಂಡಿತು. ಈ ವಿಧಿಯಂತೆ ಸದಸ್ಯರ ಪಾಲು ಸಂಬಳವಲ್ಲ, ಲಾಭಾಂಶ. ಸರ್ಕಾರಿ ಸಾಮಾಜಿಕ ಭದ್ರತೆಯ ಪಿಂಚಣಿಯಾದರೋ ಸಂಬಳದ ಮೇಲೆ ನಿಂತದ್ದು: ಅದು ಸಿಗಲು ಕನಿಷ್ಠ ಹತ್ತು ವರ್ಷದ ದಾಖಲಾದ ದುಡಿಮೆ ಬೇಕು, ಮೊತ್ತ ನಿರ್ಧಾರವಾಗುವುದು ಅತಿ ಹೆಚ್ಚು ಗಳಿಸಿದ 35 ವರ್ಷಗಳ ಸರಾಸರಿಯಿಂದ. ಕಮ್ಯೂನಿನಲ್ಲಿ ಬೆವರು ಸುರಿಸಿದ ವರ್ಷಗಳು ಆ ಸರಾಸರಿಯಲ್ಲಿ ಸೊನ್ನೆಗಳು. ಆದ್ದರಿಂದ ಅರವತ್ತರಲ್ಲಿ ಹೊರಡಬಯಸುವವರಿಗೆ ಬಾಗಿಲು ತೆರೆದಿದ್ದರೂ ದಾರಿ ಇರುವುದಿಲ್ಲ. ಉಳಿದವರೆಲ್ಲ ನಂಬಿಕೆಯಿಂದಲೇ ಉಳಿದರು ಎಂದು ಬರೆಯುವ ಮುನ್ನ ಸಂಶೋಧಕರು ಈ ಸೊನ್ನೆಗಳನ್ನು ಎಣಿಸಬೇಕು.

ಟ್ವಿನ್ ಓಕ್ಸಿನ ಸ್ಥಾಪಕರಲ್ಲೊಬ್ಬರಾದ ಕ್ಯಾಟ್ ಕಿಂಕೇಡ್ ಅವರ ಬದುಕು ಈ ಮಾತಿಗೆ ಇನ್ನೊಂದು ತಿರುವು ಕೊಡುತ್ತದೆ. ಮಿಸೌರಿಯ 'ಈಸ್ಟ್ ವಿಂಡ್' ಸಮುದಾಯ ಕಟ್ಟಲು ನೆರವಾಗಿ ಮರಳಿ ಬಂದವರು, 1994ರ ತಮ್ಮ ಪುಸ್ತಕದಲ್ಲಿ ಕಮ್ಯೂನನ್ನು ಕಟುವಾಗಿಯೇ ವಿಮರ್ಶಿಸಿದರು. ಕೊನೆಗೆ ಬಿಟ್ಟು ಹೊರಗೆ ಮನೆ ಮಾಡಿದರು. ಕಾಯಿಲೆ ಬಲಿತಾಗ ಟ್ವಿನ್ ಓಕ್ಸ್ ಅವರನ್ನು ಕರೆದುಕೊಂಡು ಬಂದು ಆರೈಕೆ ಮಾಡಿತು. 2008ರಲ್ಲಿ ಅಲ್ಲೇ ನಿಧನರಾದರು. ಭಿನ್ನಮತ ಇಟ್ಟುಕೊಂಡೇ ಮರಳಬಹುದಾದ ಜಾಗ ಅದಾಗಿತ್ತು ಎಂಬುದು, ನನ್ನ ಎಣಿಕೆಯಲ್ಲಿ, ಅಲ್ಲಿನ ಎಷ್ಟೋ ಘೋಷಣೆಗಳಿಗಿಂತ ತೂಕದ ಸಾಕ್ಷ್ಯ.

ಆದರೂ ಈ ವ್ಯವಸ್ಥೆಗೆ ಒಂದು ಮಿತಿ ಇದೆ, ಅದನ್ನು ಊಹೆಯ ಲೆಕ್ಕದಿಂದಲೇ ತೋರಿಸಬಹುದು. ನೂರು ಮಂದಿಯ ಸಮುದಾಯ ಎನ್ನೋಣ. ವಾರಕ್ಕೆ 4,200 ಗಂಟೆ ದುಡಿಮೆ. ಅವರಲ್ಲಿ ಮೂವತ್ತು ಜನ ಎಪ್ಪತ್ತು ಮುಟ್ಟಿದರೆ 600 ಗಂಟೆ ಕಡಿಮೆ ಬೀಳುತ್ತದೆ, ಅಂದರೆ ಪೂರ್ಣ ಪಾಲಿನ ಹದಿನಾಲ್ಕು ಜನರ ದುಡಿಮೆ. ಆರೈಕೆಗೆ ಬೇಕಾಗುವ ಗಂಟೆಗಳು ಇದರ ಮೇಲೆ. ಇಷ್ಟನ್ನು ತುಂಬಲು ಇಪ್ಪತ್ತರ ಹರೆಯದವರು ಬರುತ್ತಲೇ ಇರಬೇಕು, ಬಂದವರು ನಿಲ್ಲಬೇಕು. ಹಿರಿಯರ ಉಳಿದ ಗಂಟೆಗಳಿಗೂ ಅವರ ಕೈಗೆ ಒಗ್ಗುವ ಕೆಲಸ ಬೇಕು. 2024ರ ಮಾರ್ಚಿನಲ್ಲಿ ಕಾಡುಬೆಂಕಿ ಟ್ವಿನ್ ಓಕ್ಸಿನ ತೂಗುಮಂಚದ ಗೋದಾಮನ್ನು ಸುಟ್ಟುಹಾಕಿತು. ಹರೆಯದವರೂ ಕಣ್ಣು ಮಂಜಾದವರೂ ಒಟ್ಟಿಗೆ ಕುಳಿತು ಹೆಣೆಯಬಹುದಾದ ಕಸುಬು ಅದು. ಅಲ್ಲಿನ ಹಿರಿಯರ ಪಾಲಿನ ಗಂಟೆಗಳು ಈಗ ಯಾವ ಕೆಲಸಕ್ಕೆ ಹೋಗುತ್ತಿವೆ ಎಂಬುದನ್ನು ದುಡಿಮೆಯ ಪಟ್ಟಿಗಳಿಂದಲೇ ಗುರುತಿಸುವುದು ಮುಂದಿನ ಸಂಶೋಧನೆಯ ಮೊದಲ ಕೆಲಸವಾಗಬೇಕು.