ನಾಲ್ಕು ನಿಮಿಷಗಳ ಅಂತರ

1935 ರಲ್ಲಿ ಮೈಸೂರಿನಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಸ್ಥಾಪಿಸಿದ ರೇಡಿಯೋ ನಿಲಯಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂದಿತು. ಪುರಾಣಗಳಲ್ಲಿ ಅಶರೀರವಾಣಿಗೆ ಸಲ್ಲುತ್ತಿದ್ದ ಶಬ್ದವನ್ನು ಮನುಷ್ಯರ ಮಾತಿಗೂ ಗಾನಕ್ಕೂ ಸಲ್ಲಿಸಿದುದು ಚಮತ್ಕಾರವೇ ಸರಿ. ಆದರೆ ಅದಕ್ಕೆ ಎರಡು ವರ್ಷಗಳ ಮುಂಚೆಯೇ ಅಮೆರಿಕದ ಒಬ್ಬ ತರುಣ ಇಂಜಿನಿಯರು, ಮಾತೂ ಅಲ್ಲದ ಗಾನವೂ ಅಲ್ಲದ, ಅಕ್ಷರಶಃ ಆಕಾಶದಿಂದಲೇ ಇಳಿದು ಬರುತ್ತಿದ್ದ ಒಂದು ವಾಣಿಯನ್ನು ಲೋಕಕ್ಕೆ ತಿಳಿಸಿದ್ದನು. ಅವನು ಅದನ್ನು ಅರಸಿ ಹೊರಟವನಲ್ಲ. ಅಂತಹ ಸದ್ದುಗಳನ್ನು ತೊಲಗಿಸುವ ಉಪಾಯವನ್ನು ಹುಡುಕುವುದಕ್ಕೆಂದೇ ಅವನಿಗೆ ಸಂಬಳ ಸಲ್ಲುತ್ತಿದ್ದಿತು.

ಕಾರ್ಲ್ ಜಾನ್‌ಸ್ಕಿ ಎಂಬ ಈತನು 1905 ರಲ್ಲಿ ಒಕ್ಲಹೋಮ ಪ್ರಾಂತದಲ್ಲಿ ಜನಿಸಿದನು. 1928 ರಲ್ಲಿ ಬೆಲ್ ಟೆಲಿಫೋನ್ ಪ್ರಯೋಗಶಾಲೆಯನ್ನು ಸೇರಿದನು. ಅಟ್ಲಾಂಟಿಕ್ ಸಾಗರದ ಆಚೆಗೂ ಈಚೆಗೂ ರೇಡಿಯೋ ತರಂಗಗಳ ಮೂಲಕ ಟೆಲಿಫೋನು ಸಂಭಾಷಣೆ ನಡೆಸುವ ಉದ್ಯಮವು ಆಗ ಹೊಸದು. ಮಾತಿನ ನಡುವೆ ಕೇಳಿಬರುವ ಗೊರಗೊರ ಸದ್ದು ಎಲ್ಲಿಂದ ಹುಟ್ಟುವುದೆಂಬುದನ್ನು ಪತ್ತೆ ಮಾಡುವ ಕೆಲಸ ಜಾನ್‌ಸ್ಕಿಯ ಪಾಲಿಗೆ ಬಂದಿತು. ನ್ಯೂಜೆರ್ಸಿಯ ಹೋಮ್‌ಡೆಲ್ ಎಂಬ ಹಳ್ಳಿಯ ಬಯಲಿನಲ್ಲಿ ಆತನು ಸುಮಾರು 100 ಅಡಿ ಉದ್ದದ ಒಂದು ಚೌಕಟ್ಟನ್ನು ನಿಲ್ಲಿಸಿ, ಅದರ ಅಡಿಗೆ ಫೋರ್ಡ್ ಮೋಟಾರು ಗಾಡಿಯ ಚಕ್ರಗಳನ್ನು ಜೋಡಿಸಿ, 20 ನಿಮಿಷಕ್ಕೆ ಒಂದು ಸುತ್ತು ಬರುವಂತೆ ಮಾಡಿದನು. ಜಾತ್ರೆಯಲ್ಲಿ ಮಕ್ಕಳು ಕುಳಿತು ಸುತ್ತುವ ತಿರುಗುಕುದುರೆಯೆಂದು ಅದಕ್ಕೆ ಹಾಸ್ಯದ ಹೆಸರೊಂದು ಅಂಟಿಕೊಂಡಿತು. 14.6 ಮೀಟರು ಉದ್ದದ ತರಂಗಗಳನ್ನು ಅದು ಗ್ರಹಿಸುತ್ತಿದ್ದಿತು.

ತಿಂಗಳುಗಟ್ಟಲೆ ಬರೆದಿಟ್ಟ ರೇಖೆಗಳನ್ನು ಪರಿಶೀಲಿಸಿ ಜಾನ್‌ಸ್ಕಿಯು ಮೂರು ಬಗೆಯ ಸದ್ದನ್ನು ವಿಂಗಡಿಸಿದನು. ಹತ್ತಿರದ ಗುಡುಗುಮಳೆಯದು ಒಂದು; ದೂರದ ಗುಡುಗುಮಳೆಯದು ಮತ್ತೊಂದು. ಮೂರನೆಯದು ಕ್ಷೀಣವಾಗಿ, ಎಡೆಬಿಡದೆ ಕೇಳಿಬರುವ ಒಂದು ಹಿಸ್ಸೆಂಬ ಸದ್ದು. ಅದರ ದಿಕ್ಕು ದಿನಕ್ಕೊಮ್ಮೆ ಆಕಾಶವನ್ನು ಸುತ್ತಿ ಬರುತ್ತಿದ್ದಿತು. 1931 ರ ಡಿಸೆಂಬರು ಮತ್ತು 1932 ರ ಜನವರಿಯಲ್ಲಿ, ಅಂದರೆ ನಮ್ಮ ಧನುರ್ಮಾಸದ ದಿವಸಗಳಲ್ಲಿ, ಆ ದಿಕ್ಕು ಸೂರ್ಯನ ದಿಕ್ಕಿಗೆ ಹೊಂದುತ್ತಿದ್ದಿತು. ಸದ್ದು ಸೂರ್ಯನದೇ ಎಂದು ಭಾವಿಸುವುದು ಸಹಜವಾಗಿದ್ದಿತು. ಆದರೆ ವಾರಗಳು ಉರುಳಿದಂತೆ ಸದ್ದು ಸೂರ್ಯನನ್ನು ಹಿಂದೆ ಬಿಟ್ಟು ಮುನ್ನಡೆಯಿತು. ಪ್ರತಿದಿನವೂ ಸುಮಾರು ನಾಲ್ಕು ನಿಮಿಷ ಮುಂಚೆ. ತಿಂಗಳು ಕಳೆಯುವಷ್ಟರಲ್ಲಿ ಎರಡು ಗಂಟೆ ಮುಂಚೆ.

ಈ ನಾಲ್ಕು ನಿಮಿಷಗಳೇ ಇಡೀ ಕಥೆಯ ಕೀಲು. ಪಂಚಾಂಗದ ಗಣಿತವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಸೂರ್ಯೋದಯದಿಂದ ಸೂರ್ಯೋದಯಕ್ಕೆ ಸಾವನ ದಿನ; ನಕ್ಷತ್ರದ ಉದಯದಿಂದ ಅದೇ ನಕ್ಷತ್ರದ ಮರು ಉದಯಕ್ಕೆ ನಾಕ್ಷತ್ರ ದಿನ. ಎರಡನೆಯದು 23 ಗಂಟೆ 56 ನಿಮಿಷಗಳಷ್ಟು ಮಾತ್ರ. ಸೂರ್ಯಸಿದ್ಧಾಂತವು ಒಂದು ಮಹಾಯುಗಕ್ಕೆ 1,58,22,37,828 ನಾಕ್ಷತ್ರ ದಿನಗಳನ್ನೂ 1,57,79,17,828 ಸಾವನ ದಿನಗಳನ್ನೂ ಹೇಳುವುದು. ಕಳೆದರೆ ಉಳಿಯುವ 43,20,000 ಆ ಯುಗದ ಸೌರ ವರ್ಷಗಳ ಸಂಖ್ಯೆ. ಅಂದರೆ ವರ್ಷಕ್ಕೆ ಒಂದು ಸುತ್ತು ನಕ್ಷತ್ರಗಳಿಗೆ ಹೆಚ್ಚು. (ಇದನ್ನು ಹಿಡಿದು ನಮ್ಮ ಪೂರ್ವಿಕರು ರೇಡಿಯೋವನ್ನೂ ಬಲ್ಲವರಾಗಿದ್ದರೆಂದು ಹೇಳುವ ಸಾಹಸಕ್ಕೆ ಯಾರೂ ಇಳಿಯದಿರಲಿ, ಅವರು ಬಲ್ಲುದನ್ನು ಚೆನ್ನಾಗಿಯೇ ಬಲ್ಲರು.) ಸಿದ್ಧಾಂತ ಗ್ರಂಥವನ್ನು ಓದಿದ ವಿದ್ಯಾರ್ಥಿಗೆ ಕಂಠಸ್ಥವಾಗಿರುವ ಈ ಸಂಗತಿ ಜಾನ್‌ಸ್ಕಿಗೆ ಪರಿಚಿತವಾಗಿರಲಿಲ್ಲ, ಖಗೋಳಶಾಸ್ತ್ರವನ್ನು ವ್ಯಾಸಂಗ ಮಾಡುತ್ತಿದ್ದ ಸ್ಕೆಲೆಟ್ ಎಂಬ ಸಹೋದ್ಯೋಗಿಯ ನೆರವು ಬೇಕಾಯಿತು. ನಾಕ್ಷತ್ರ ಕಾಲವನ್ನು ಅನುಸರಿಸುವ ಸದ್ದು ಭೂಮಿಯದಾಗಲಿ ಸೂರ್ಯನದಾಗಲಿ ಆಗಿರಲಾರದು. ಅದು ಸೌರಮಂಡಲದ ಆಚೆಯಿಂದ, ಧನೂರಾಶಿಯಲ್ಲಿ ಮೂಲಾ ನಕ್ಷತ್ರದ ಭಾಗದಲ್ಲಿ ತೋರುವ ಆಕಾಶಗಂಗೆಯ ಮಧ್ಯದಿಂದ ಬರುತ್ತಿದ್ದಿತು.

1933 ರ ಏಪ್ರಿಲಿನಲ್ಲಿ ಜಾನ್‌ಸ್ಕಿಯು ಇದನ್ನು ವಾಷಿಂಗ್‌ಟನ್ನಿನ ವಿದ್ವತ್ಸಭೆಯಲ್ಲಿ ಓದಿದನು. ಮೇ 5 ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಮೊದಲ ಪುಟದಲ್ಲಿ ಅಚ್ಚು ಹಾಕಿತು. ಅಷ್ಟಕ್ಕೆ ಕೋಲಾಹಲ ಅಡಗಿತು. ಕಂಪೆನಿಗೆ ಬೇಕಾದ ಉತ್ತರ ದೊರೆತಿದ್ದಿತು: ಈ ಸದ್ದು ಯಾರಿಂದಲೂ ತೊಲಗಿಸಲಾಗದ್ದು. ಆತನನ್ನು ಬೇರೆ ಕೆಲಸಗಳಿಗೆ ಹಚ್ಚಿದರು. ಕಂಪೆನಿಯನ್ನು ದೂರುವವರು ಬಹುಮಂದಿ. ಆದರೆ ಟೆಲಿಫೋನು ಮಾರುವವರು ನಕ್ಷತ್ರಶಾಲೆಯನ್ನು ಕಟ್ಟಲಿಲ್ಲವೆಂದು ದೂರುವುದು ನ್ಯಾಯವಲ್ಲ. ಮುಂದೆ ಬರಬೇಕಾಗಿದ್ದವರು ಖಗೋಳಜ್ಞರು. ಅವರಿಗೆ ಕನ್ನಡಿ, ಮಸೂರ, ಛಾಯಾಚಿತ್ರದ ಫಲಕ ಇವು ತಿಳಿದಿದ್ದುವು. ವಿದ್ಯುತ್ತಂತಿಗಳ ಜಂಜಾಟ ತಿಳಿಯದು. ರೇಡಿಯೋ ಬಲ್ಲವರಿಗೆ ನಕ್ಷತ್ರ ತಿಳಿಯದು. ಎರಡು ವಿದ್ಯೆಗಳ ನಡುವಿನ ಗೋಡೆಯ ಮೇಲೆ ಈ ಶೋಧವು ಅನಾಥವಾಗಿ ಕುಳಿತಿತು.

ತೊಡಕುಗಳೂ ಸಾಮಾನ್ಯವಾಗಿರಲಿಲ್ಲ. ನೋಟದ ಸೂಕ್ಷ್ಮತೆಯು ತರಂಗದ ಉದ್ದವನ್ನೂ ಯಂತ್ರದ ಅಗಲವನ್ನೂ ಅವಲಂಬಿಸಿರುವುದು. ಬೆಳಕಿನ ತರಂಗವು ಅತ್ಯಲ್ಪವಾದುದರಿಂದ ಕಣ್ಣಿನ ಪುಟ್ಟ ಪಾಪೆಯೇ ಒಂದು ಅಂಶದ ಅರವತ್ತನೆಯ ಭಾಗವನ್ನು ಬೇರ್ಪಡಿಸಬಲ್ಲುದು. 14.6 ಮೀಟರು ತರಂಗದಲ್ಲಿ ಅಷ್ಟೇ ಸೂಕ್ಷ್ಮವಾಗಿ ನೋಡಬೇಕಾದರೆ ಸುಮಾರು 50 ಕಿಲೋಮೀಟರು ಅಗಲದ ಯಂತ್ರ ಬೇಕು! ಜಾನ್‌ಸ್ಕಿಯ ಚೌಕಟ್ಟಿಗೆ ಆಕಾಶವು ಇಪ್ಪತ್ತೈದು ಮೂವತ್ತು ಅಂಶಗಳ ಮಬ್ಬು ತೇಪೆಗಳಾಗಿ ಮಾತ್ರ ತೋರುತ್ತಿದ್ದಿತು. ಚಂದ್ರಬಿಂಬದ ಅಗಲ ಅರ್ಧ ಅಂಶವೆಂಬುದನ್ನು ನೆನೆದರೆ ಆ ಮಬ್ಬಿನ ಪ್ರಮಾಣ ತಿಳಿದೀತು. ದೈವವೂ ಒಂದಿಷ್ಟು ಸಹಾಯ ಮಾಡಿತು. ಅವು ಸೂರ್ಯನಲ್ಲಿ ಕಲೆಗಳು ಅತ್ಯಂತ ಕಡಮೆಯಾಗಿದ್ದ ವರ್ಷಗಳು. ಕಲೆಗಳು ಹೆಚ್ಚಿದ ಕಾಲವಾಗಿದ್ದರೆ ಸೂರ್ಯನ ಆರ್ಭಟದಲ್ಲಿಯೂ, ವಾಯುಮಂಡಲದ ಮೇಲಣ ವಿದ್ಯುತ್ಪೊರೆಯ ಅಡ್ಡಿಯಲ್ಲಿಯೂ ಆ ಕ್ಷೀಣಧ್ವನಿ ಅಡಗಿಹೋಗಬಹುದಾಗಿದ್ದಿತು.

ಅನಾಥವಾದ ಶೋಧವನ್ನು ಕೈಹಿಡಿದವನು ಒಬ್ಬನೇ ಒಬ್ಬ. ಚಿಕಾಗೋ ನಗರದ ಸಮೀಪದ ವೀಟನ್ನಿನಲ್ಲಿ ಗ್ರೋಟ್ ರೀಬರ್ ಎಂಬ ಇಂಜಿನಿಯರು 1937 ರಲ್ಲಿ, ತನ್ನ ತಾಯಿಯ ಮನೆಯ ಪಕ್ಕದ ನಿವೇಶನದಲ್ಲಿ, ಸ್ವಂತ ಹಣದಿಂದ 31 ಅಡಿಗೂ ಮಿಕ್ಕ ಅಗಲದ ಲೋಹದ ಬೋಗುಣಿಯೊಂದನ್ನು ಕಟ್ಟಿ ಆಕಾಶಕ್ಕೆ ಮುಖ ಮಾಡಿದನು. ಹಗಲೆಲ್ಲ ಉದ್ಯೋಗ, ರಾತ್ರಿ ವೀಕ್ಷಣೆ. ಹಗಲಿನಲ್ಲಿ ಬೀದಿಯ ಮೋಟಾರುಗಳ ಕಿಡಿಯ ಸದ್ದು ಯಂತ್ರವನ್ನು ಕೆಡಿಸುತ್ತಿದ್ದಿತು. ಕಾದ ವಸ್ತುಗಳ ನಿಯಮದಂತೆ ಚಿಕ್ಕ ತರಂಗಗಳಲ್ಲಿಯೇ ಪ್ರಭೆ ಹೆಚ್ಚಿರಬೇಕೆಂದು ಮೊದಲು 9 ಸೆಂಟಿಮೀಟರಿನಲ್ಲಿ ನೋಡಿದನು, ಶೂನ್ಯ. 33 ಸೆಂಟಿಮೀಟರಿನಲ್ಲಿ ನೋಡಿದನು, ಶೂನ್ಯ. ಹಠ ಬಿಡದೆ 1.87 ಮೀಟರಿಗೆ ಇಳಿದಾಗ ಆಕಾಶಗಂಗೆಯು ಉತ್ತರ ಕೊಟ್ಟಿತು. ಆ ಎರಡು ಶೂನ್ಯಗಳಿಗೂ ಬೆಲೆಯುಂಟು: ಈ ಪ್ರಭೆಯು ಶಾಖದಿಂದ ಹುಟ್ಟಿದುದಲ್ಲವೆಂಬುದಕ್ಕೆ ಅವೇ ಸಾಕ್ಷಿ. ಬೆಳಕಿಗೆ ಸಮೀಪವಾದ ವೇಗದಿಂದ ಓಡುವ ಎಲೆಕ್ಟ್ರಾನುಗಳು ಅಂತರಿಕ್ಷದ ಕಾಂತಕ್ಷೇತ್ರದಲ್ಲಿ ಸುತ್ತುವಾಗ ಇದು ಹೊರಡುವುದೆಂಬ ವಿವರಣೆ 1950 ರ ದಶಕದಲ್ಲಿ ಸ್ಥಿರಪಟ್ಟಿತು. 1944 ರಲ್ಲಿ ರೀಬರನು ಪ್ರಕಟಿಸಿದ ಆಕಾಶದ ರೇಡಿಯೋ ನಕ್ಷೆಯಲ್ಲಿ, ಧನೂರಾಶಿಯ ಹೊರತಾಗಿ ಬೇರೆ ಪ್ರಭಾಸ್ಥಾನಗಳೂ ಮೊಟ್ಟಮೊದಲು ಕಂಡುಬಂದುವು.

ಯುದ್ಧವು ರೇಡಾರ್ ಬಲ್ಲ ನೂರಾರು ಮಂದಿಯನ್ನು ತಯಾರು ಮಾಡಿದ್ದಿತು. ಶಾಂತಿ ಬಂದೊಡನೆ ಅವರಲ್ಲಿ ಹಲವರು ಆಕಾಶದತ್ತ ತಿರುಗಿದರು. ದೂರದೂರದ ಯಂತ್ರಗಳನ್ನು ಒಂದಕ್ಕೊಂದು ಬೆಸೆದು, ಆ ದೂರದಷ್ಟೇ ಅಗಲದ ಒಂದೇ ಯಂತ್ರದಂತೆ ದುಡಿಸುವ ಉಪಾಯದಿಂದ ಮಬ್ಬಿನ ತೊಡಕು ಪರಿಹಾರವಾಯಿತು. ಕೇಂಬ್ರಿಜ್ಜಿನ ಮಾರ್ಟಿನ್ ರೈಲ್‌ಗೆ ಈ ಬಗೆಯ ಕೆಲಸಕ್ಕಾಗಿ 1974 ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಜಾನ್‌ಸ್ಕಿಯು ಇದಾವುದನ್ನೂ ಕಾಣಲಿಲ್ಲ. ಬಹುಕಾಲದ ಮೂತ್ರಪಿಂಡದ ವ್ಯಾಧಿಯಿಂದ 1950 ರ ಫೆಬ್ರವರಿಯಲ್ಲಿ, 44 ನೆಯ ವಯಸ್ಸಿನಲ್ಲಿ ತೀರಿಕೊಂಡನು. 1973 ರಲ್ಲಿ ಖಗೋಳಜ್ಞರು ರೇಡಿಯೋ ಪ್ರಭೆಯನ್ನು ಅಳೆಯುವ ಮಾನಕ್ಕೆ 'ಜಾನ್‌ಸ್ಕಿ' ಎಂದೇ ಹೆಸರಿಟ್ಟರು.

ಆತನು ಕೇಳಿದಂತಹ ಉದ್ದನೆಯ ತರಂಗಗಳನ್ನು ಆಲಿಸಿದ ಸ್ಥಳಗಳು ವಿರಳ. ಅವುಗಳಲ್ಲೊಂದು ನಮ್ಮ ಗೌರೀಬಿದನೂರಿನ ಬಳಿಯ ಬಯಲು. ಅಲ್ಲಿ 1970 ರ ದಶಕದಲ್ಲಿ ರಾಮನ್ ಸಂಶೋಧನ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಕೂಡಿ, ಪೂರ್ವ ಪಶ್ಚಿಮವಾಗಿ 1.4 ಕಿಲೋಮೀಟರು ಚಾಚಿದ ಗ್ರಾಹಕ ಕಡ್ಡಿಗಳ ಸಾಲನ್ನು ನಿಲ್ಲಿಸಿದುವು. ಸುತ್ತಣ ಗುಡ್ಡಗಳು ಊರಿನ ಸದ್ದನ್ನು ಕೊಂಚ ತಡೆಯುವುವು. ರೀಬರನ ಕಾಲದ ಮೋಟಾರು ಕಿಡಿಯ ಜಾಗದಲ್ಲಿ ಈಗ ಕೈಫೋನುಗಳೂ ತಲೆಯ ಮೇಲೆ ಹಾಯುವ ಸಾವಿರಾರು ಉಪಗ್ರಹಗಳೂ ಇವೆ. ಉಪಗ್ರಹಕ್ಕೆ ಯಾವ ಗುಡ್ಡವೂ ಮರೆಯಾಗದು. ಅಮೆರಿಕವು 1958 ರಲ್ಲಿಯೇ ವೆಸ್ಟ್ ವರ್ಜೀನಿಯದ ಗ್ರೀನ್ ಬ್ಯಾಂಕ್ ಸುತ್ತಲಿನ ವಿಸ್ತಾರವಾದ ಪ್ರದೇಶವನ್ನು ರೇಡಿಯೋ ನಿಶ್ಶಬ್ದ ವಲಯವೆಂದು ಗೊತ್ತುಮಾಡಿತು. ರೀಬರನು ತನ್ನ ಕಣ್ಣೆದುರಿಗೇ ಮತ್ತೆ ಜೋಡಿಸಿಸಿದ ಆ ಹಳೆಯ ಬೋಗುಣಿಯೂ, ಜಾನ್‌ಸ್ಕಿಯ ತಿರುಗುವ ಚೌಕಟ್ಟಿನ ಪ್ರತಿಕೃತಿಯೂ ಅಲ್ಲಿಯೇ ನಿಂತಿವೆ.