ಜಂಗ್ ದಾ-ರೇ: ಎರಡೂವರೆ ನಿಮಿಷದೊಳಗಿನ ಚಿನ್ನ

ಏಷ್ಯನ್ ಕ್ರೀಡಾಕೂಟದ ಮಹಿಳೆಯರ ಬ್ರೆಸ್ಟ್‌ಸ್ಟ್ರೋಕ್ ಈಜಿನಲ್ಲಿ ದಕ್ಷಿಣ ಕೊರಿಯಾ ಮೊದಲ ಚಿನ್ನ ಕಂಡದ್ದು 2010ರ ನವೆಂಬರ್ 17ರಂದು, ಚೀನಾದ ಗುವಾಂಗ್‌ಝೌ ನಗರದಲ್ಲಿ. 200 ಮೀಟರ್ ದೂರವನ್ನು 2 ನಿಮಿಷ 25.02 ಸೆಕೆಂಡುಗಳಲ್ಲಿ ಕ್ರಮಿಸಿ ಆ ಪದಕ ತಂದುಕೊಟ್ಟವರು ಜಂಗ್ ದಾ-ರೇ. ಕೊರಿಯನ್ ಪದ್ಧತಿಯಂತೆ ಜಂಗ್ ಎಂಬುದು ಮನೆತನದ ಹೆಸರು, ದಾ-ರೇ ಎಂಬುದು ಇಟ್ಟ ಹೆಸರು. ಆಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ.

ದಾ-ರೇ ಹುಟ್ಟಿದ್ದು 1991ರ ಡಿಸೆಂಬರಿನಲ್ಲಿ, ಕೊರಿಯಾ ಪರ್ಯಾಯ ದ್ವೀಪದ ದಕ್ಷಿಣ ಕರಾವಳಿಯ ಬಂದರು ನಗರ ಯೊಸುವಿನಲ್ಲಿ. ಅವರು ಪ್ರವರ್ಧಮಾನಕ್ಕೆ ಬಂದ ವರ್ಷಗಳಲ್ಲಿ ಆ ದೇಶದಲ್ಲಿ ಈಜು ಎಂದರೆ ಒಂದೇ ಹೆಸರು, ಪಾರ್ಕ್ ತೇ-ಹ್ವಾನ್. 2006ರ ದೋಹಾ ಏಷ್ಯನ್ ಕೂಟದಲ್ಲಿ ಮೂರು ಚಿನ್ನ, 2008ರ ಬೀಜಿಂಗ್ ಒಲಿಂಪಿಕ್ಸ್‌ನ 400 ಮೀಟರ್ ಫ್ರೀಸ್ಟೈಲ್‌ನಲ್ಲಿ ಚಿನ್ನ ಗೆದ್ದ ಪಾರ್ಕ್ ಮನೆಮಾತಾಗಿದ್ದರು. ಗುವಾಂಗ್‌ಝೌಗೆ ಹೊರಟ ಕೊರಿಯಾ ಈಜು ತಂಡದ ಮೇಲಿನ ನಿರೀಕ್ಷೆಯೆಲ್ಲ ಅವರ ಭುಜದ ಮೇಲೆಯೇ ಇತ್ತು. ಅವರು ನಿರಾಸೆಗೊಳಿಸಲೂ ಇಲ್ಲ. 100, 200 ಮತ್ತು 400 ಮೀಟರ್ ಫ್ರೀಸ್ಟೈಲ್ ಮೂರರಲ್ಲೂ ಚಿನ್ನ ಗೆದ್ದರು. ಆ ಕೂಟದಲ್ಲಿ ಕೊರಿಯಾದ ಈಜುಗಾರರು ಗಳಿಸಿದ ಚಿನ್ನ ಒಟ್ಟು ನಾಲ್ಕು. ಯಾರೂ ಲೆಕ್ಕಕ್ಕೆ ಇಟ್ಟುಕೊಂಡಿರದ ಆ ನಾಲ್ಕನೆಯದೇ ದಾ-ರೇ ಅವರದು.

ಕೊರಿಯಾದ ಮಹಿಳಾ ಈಜಿಗೆ ಹೆಮ್ಮೆಯ ಹಿನ್ನೆಲೆ ಇಲ್ಲದಿರಲಿಲ್ಲ. 1982ರ ನವದೆಹಲಿ ಏಷ್ಯನ್ ಕೂಟದಲ್ಲಿ ಹದಿನೈದರ ಬಾಲೆ ಚೊಯ್ ಯೂನ್-ಹೀ ಮೂರು ಚಿನ್ನ ಗೆದ್ದು ಬೆರಗುಗೊಳಿಸಿದ್ದರು. ನಾಲ್ಕು ವರ್ಷಗಳ ನಂತರ ತಮ್ಮದೇ ರಾಜಧಾನಿ ಸೋಲ್‌ನಲ್ಲಿ ಇನ್ನೆರಡನ್ನು ಸೇರಿಸಿದರು. 1998ರಲ್ಲಿ ಬ್ಯಾಂಕಾಕ್‌ನಲ್ಲಿ ಚೊ ಹೀ-ಯೊನ್ 200 ಮೀಟರ್ ಬಟರ್‌ಫ್ಲೈನಲ್ಲಿ ಗೆದ್ದರು. ಅಲ್ಲಿಂದಾಚೆಗೆ ಹನ್ನೆರಡು ವರ್ಷ ಬರಗಾಲ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಂತೂ ಏಷ್ಯಾದ ಚಿನ್ನ ಜಪಾನ್ ಅಥವಾ ಚೀನಾದ ಪಾಲಾಗುವುದೇ ವಾಡಿಕೆಯಾಗಿತ್ತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಹಿದೆಕೊ ಮಯೆಹತಾ, 1992ರ ಬಾರ್ಸಿಲೋನಾದಲ್ಲಿ ಹದಿನಾಲ್ಕರ ಕ್ಯೊಕೊ ಇವಾಸಾಕಿ ಇದೇ 200 ಮೀಟರ್‌ನಲ್ಲಿ ಜಪಾನಿಗೆ ಚಿನ್ನ ತಂದವರು. ಹೀಗೆ ನೆರೆಮನೆಯವರ ಸೊತ್ತಾಗಿದ್ದ ಸ್ಪರ್ಧೆಯೊಂದನ್ನು ಕೊರಿಯಾದ ಹುಡುಗಿ ಚೀನಾದ ನೆಲದಲ್ಲಿಯೇ ಗೆದ್ದದ್ದು ಸಣ್ಣ ಸಂಗತಿಯಲ್ಲ.

ಈ ಗೆಲುವಿನ ತೂಕ ತಿಳಿಯಲು ಸ್ಪರ್ಧೆಯ ಸ್ವರೂಪವನ್ನೂ ಅರಿಯಬೇಕು. ನಾಲ್ಕು ಶೈಲಿಗಳಲ್ಲಿ ಬ್ರೆಸ್ಟ್‌ಸ್ಟ್ರೋಕ್ ಅತ್ಯಂತ ನಿಧಾನವಾದುದು; ಕಪ್ಪೆಯ ಈಜನ್ನು ನೋಡಿದವರಿಗೆ ಅದರ ಚಲನೆ ಪರಿಚಿತ. ಉಳಿದ ಮೂರು ಶೈಲಿಗಳಲ್ಲಿ ಕೈಗಳು ನೀರಿನ ಮೇಲಿಂದ ಹಾದು ಮುಂದಕ್ಕೆ ಬರುತ್ತವೆ. ಇಲ್ಲಿ ಅವು ಹೆಚ್ಚಾಗಿ ನೀರಿನೊಳಗೆ ಅಥವಾ ನೀರಿನ ಮಟ್ಟದಲ್ಲಿಯೇ ಮುಂದೆ ಚಾಚುತ್ತವೆ, ಮೊಣಕಾಲು ಮಡಚಿದಾಗ ತೊಡೆಗಳೇ ನೀರಿಗೆ ಅಡ್ಡಗೋಡೆಯಾಗುತ್ತವೆ. ಹಾಗಾಗಿ ಪ್ರತಿ ಎಳೆತದಲ್ಲೂ ವೇಗ ಏರುತ್ತದೆ, ಮರುಕ್ಷಣವೇ ಕುಸಿಯುತ್ತದೆ. ಒದೆತದ ನಂತರ ದೇಹವನ್ನು ಬಾಣದಂತೆ ಚಾಚಿ ಎಷ್ಟು ಹೊತ್ತು ತೇಲಿ ಸಾಗಬೇಕು, ಮುಂದಿನ ಎಳೆತ ಯಾವಾಗ ಆರಂಭವಾಗಬೇಕು ಎಂಬ ಲೆಕ್ಕಾಚಾರದಲ್ಲಿಯೇ ಸೋಲು ಗೆಲುವು ಅಡಗಿದೆ. ತೋಳಿನ ಬಲವೊಂದನ್ನೇ ನೆಚ್ಚಿದವರು ಇಲ್ಲಿ ಬೇಗ ದಣಿಯುತ್ತಾರೆ.

ನಿಯಮಗಳೂ ಬಿಗಿ. ಎರಡು ಕೈ, ಎರಡು ಕಾಲು ಏಕಕಾಲಕ್ಕೆ ಸಮನಾಗಿ ಚಲಿಸಬೇಕು. ಪ್ರತಿ ತಿರುವಿನಲ್ಲೂ ಕೊನೆಯಲ್ಲೂ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕು. ಜಿಗಿತ ಮತ್ತು ತಿರುವುಗಳ ನಂತರ ನೀರಿನೊಳಗೆ ಡಾಲ್ಫಿನ್‌ನಂತೆ ಒಮ್ಮೆ ಕಾಲು ಬಡಿಯಲು ಅನುಮತಿ ಸಿಕ್ಕಿದ್ದು 2005ರಲ್ಲಿ. ಅದಕ್ಕೆ ಮುನ್ನ, 2004ರ ಅಥೆನ್ಸ್‌ನಲ್ಲಿ ಜಪಾನಿನ ಕೊಸುಕೆ ಕಿತಾಜಿಮಾ ಹಾಗೆ ಬಡಿದರೆಂದು ಅಮೆರಿಕನ್ನರು ಎಬ್ಬಿಸಿದ ಗದ್ದಲ ಕ್ರೀಡಾಸಕ್ತರಿಗೆ ನೆನಪಿರಬಹುದು. 50 ಮೀಟರ್ ಕೊಳದಲ್ಲಿ 200 ಮೀಟರ್ ಎಂದರೆ ನಾಲ್ಕು ಉದ್ದ, ಮೂರು ತಿರುವು. ಮೊದಲ ನೂರನ್ನು ಆತುರದಲ್ಲಿ ಮುಗಿಸಿದವರಿಗೆ ಕೊನೆಯ ಐವತ್ತರಲ್ಲಿ ಕಾಲು ಕೈಕೊಡುತ್ತದೆ.

ಇನ್ನೊಂದು ಕಾರಣಕ್ಕೂ ಆ ವರ್ಷ ವಿಶೇಷವಾದುದು. ದೇಹವನ್ನು ನೀರಿನ ಮೇಲಕ್ಕೆ ಎತ್ತಿಹಿಡಿಯುತ್ತಿದ್ದ ಪಾಲಿಯುರೆಥೇನ್ ಈಜುಡುಗೆಗಳ ನೆರವಿನಿಂದ 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 43 ವಿಶ್ವದಾಖಲೆಗಳು ಉರುಳಿದ್ದವು. 2010ರ ಜನವರಿ 1ರಿಂದ ಅವನ್ನು ನಿಷೇಧಿಸಲಾಯಿತು. ಈಜುಗಾರರೆಲ್ಲ ಮತ್ತೆ ಬಟ್ಟೆಯ ಉಡುಗೆಗೆ, ತಮ್ಮ ಸ್ವಂತ ಬಲಕ್ಕೆ ಮರಳಿದ ಮೊದಲ ವರ್ಷವದು. ದಾ-ರೇ ಅವರ 2:25.02 ಅಂಥ ವರ್ಷದ ಸಾಧನೆ. ಇದೇ ಗುವಾಂಗ್‌ಝೌ ಕೊಳದಲ್ಲಿ, ಬೆಂಗಳೂರಿನಲ್ಲಿ ತರಬೇತಿ ಪಡೆದಿದ್ದ ವೀರ್‌ಧವಳ್ ಖಾಡೆ 50 ಮೀಟರ್ ಬಟರ್‌ಫ್ಲೈನಲ್ಲಿ ಕಂಚು ಗೆದ್ದು, 1986ರ ನಂತರ ಭಾರತಕ್ಕೆ ಏಷ್ಯನ್ ಕೂಟದ ಮೊದಲ ಈಜು ಪದಕ ತಂದರೆಂಬುದನ್ನೂ ಇಲ್ಲಿ ಸ್ಮರಿಸಬಹುದು.

ಗೆದ್ದ ಮೇಲೆ ನಡೆದದ್ದು ಬೇರೆಯೇ ಕಥೆ. ಕೊಳದಿಂದ ಹೊರಬಂದ ದಾ-ರೇ ದೂರದರ್ಶನದ ಕ್ಯಾಮೆರಾದ ಮುಂದೆ ಅಳು ತಡೆಯಲಾಗದೆ ಬಿಕ್ಕಿದರು, ತಮಗೆ ಇಷ್ಟವಾದ ಯುವಕನ ಹೆಸರನ್ನೂ ಮುಗ್ಧವಾಗಿ ಹೇಳಿಬಿಟ್ಟರು. ಅಷ್ಟು ಸಾಕಾಯಿತು. ರೂಪವತಿ ಕ್ರೀಡಾಪಟು ಎಂಬ ಬಿರುದು ಅಂಟಿಕೊಂಡಿತು. ಪತ್ರಿಕೆಗಳು, ಅಂತರಜಾಲ ತಾಣಗಳು ಅವರ ಮುಖ, ಕಣ್ಣೀರು, ಆ ಯುವಕನ ಸುತ್ತಲೇ ಗಿರಕಿ ಹೊಡೆದವು. ಕೊನೆಯ ತಿರುವಿನ ನಂತರ ಹಿಡಿತ ತಪ್ಪದ ಆ ಈಜನ್ನು ವಿವರಿಸಿದವರು ವಿರಳ. ಪಾರ್ಕ್ ಗೆದ್ದಾಗ ಅವರ ತಿರುವುಗಳ ಸೆಕೆಂಡುಗಳನ್ನು ಎಣಿಸಿದ ಮಾಧ್ಯಮ ಇಲ್ಲಿ ಮಾತ್ರ ಗಡಿಯಾರವನ್ನು ಮರೆತದ್ದು ನ್ಯಾಯವಲ್ಲ.

ಏಷ್ಯಾದ ಚಿನ್ನಕ್ಕೂ ಒಲಿಂಪಿಕ್ಸ್ ಪದಕಕ್ಕೂ ಇರುವ ಅಂತರವನ್ನು ಮುಂದಿನ ಎರಡು ವರ್ಷ ತೋರಿಸಿಕೊಟ್ಟವು. 2012ರ ಲಂಡನ್‌ನಲ್ಲಿ ದಾ-ರೇ 200 ಮೀಟರ್ ಫೈನಲ್ ತಲುಪಲಿಲ್ಲ. ಅವರದೇ ದೇಶದ ಬೇಕ್ ಸು-ಯೊನ್ ಸೆಮಿಫೈನಲ್‌ನಲ್ಲಿ ಒಂಬತ್ತನೆಯವರಾಗಿ, ಎಂಟು ಮಂದಿಯ ಫೈನಲ್‌ನಿಂದ ಒಂದೇ ಸ್ಥಾನದ ಅಂತರದಲ್ಲಿ ಹೊರಗುಳಿದರು. ಅಲ್ಲಿ ಚಿನ್ನ ಗೆದ್ದ ಅಮೆರಿಕದ ರೆಬೆಕಾ ಸೋನಿ 2:19.59ರಲ್ಲಿ ಗುರಿ ಮುಟ್ಟಿ, 2 ನಿಮಿಷ 20 ಸೆಕೆಂಡುಗಳೊಳಗೆ ಈಜಿದ ಮೊದಲ ಮಹಿಳೆಯಾದರು. ಗುವಾಂಗ್‌ಝೌ ಚಿನ್ನದ ಕಾಲಕ್ಕಿಂತ ಅದು ಐದೂವರೆ ಸೆಕೆಂಡಿನಷ್ಟು ಕಡಿಮೆ. ಆ ಎತ್ತರಕ್ಕೆ ಮರಳದೆಯೇ ದಾ-ರೇ ಸ್ಪರ್ಧಾಕಣದಿಂದ ನಿವೃತ್ತರಾದರು.

2014ರಲ್ಲಿ ಇಂಚೋನ್‌ನಲ್ಲಿ, ಪಾರ್ಕ್ ತೇ-ಹ್ವಾನ್ ಹೆಸರನ್ನೇ ಹೊತ್ತ ಕೊಳದಲ್ಲಿ ಏಷ್ಯನ್ ಕೂಟದ ಈಜು ನಡೆದಾಗ ಆತಿಥೇಯ ಕೊರಿಯಾಕ್ಕೆ ಒಂದೂ ಚಿನ್ನ ದಕ್ಕಲಿಲ್ಲ. ದಾ-ರೇ ನಂತರ ಏಷ್ಯನ್ ಕೂಟದ ಈಜಿನಲ್ಲಿ ಚಿನ್ನ ಗೆದ್ದ ಕೊರಿಯಾ ಮಹಿಳೆಗಾಗಿ 2018ರವರೆಗೆ ಕಾಯಬೇಕಾಯಿತು. ಜಕಾರ್ತಾದಲ್ಲಿ ಕಿಮ್ ಸೊ-ಯೊಂಗ್ 200 ಮೀಟರ್ ಮೆಡ್ಲೆ ಗೆದ್ದರು. 2023ರಲ್ಲಿ ನಡೆದ ಹಾಂಗ್‌ಝೌ ಕೂಟದಲ್ಲಿ ಕೊರಿಯಾ ಈಜಿನಲ್ಲಿ ಆರು ಚಿನ್ನ ಗಳಿಸಿತು, ಆರೂ ಪುರುಷರವು. ಮಹಿಳೆಯರ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಚೀನಾದ ಯೆ ಶಿವೆನ್ ಚಿನ್ನ ಗೆದ್ದರು. ಕೊರಿಯಾದ ಕ್ವೊನ್ ಸೆ-ಹ್ಯೊನ್ ಬೆಳ್ಳಿ ಪಡೆದರು.