ಬಿತ್ತುವಟ್ಟವೂ ಮೇಂಟೆನೆನ್ಸ್ ಬಾಕಿಯೂ

ಬೀದರ ಜಿಲ್ಲೆಯ ಶಾಸನ ಅಂದ ಕೂಡಲೇ ಎಲ್ಲರ ಮೊಬೈಲಿನಿಂದ ಹೊರಬರೋ ಚಿತ್ರ ಒಂದೇ: ಜಲಸಂಗ್ವಿ ದೇವಾಲಯದ ಶಿಲಾಬಾಲಿಕೆ. ಚಾಲುಕ್ಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ತಾನೇ ಕಲ್ಲಿನ ಮೇಲೆ ಬರೆಯುತ್ತ ನಿಂತ ಹೆಣ್ಣು. ನನಗೂ ಆಕೆ ಅಚ್ಚುಮೆಚ್ಚು. ಆದರೆ ಈ ಬರಹ ಯಾರೂ ಸೆಲ್ಫಿ ತೆಗೆಸಿಕೊಳ್ಳದ ಕಲ್ಲುಗಳ ಬಗ್ಗೆ. ಕೆರೆ ಏರಿಯ ಮೇಲೆ, ತೂಬಿನ ಪಕ್ಕ, ಅರ್ಧ ಹೂತುಕೊಂಡು ನಿಂತಿರುತ್ತವಲ್ಲ, ಅವು. ಅದರಲ್ಲೂ ಆ ಕಲ್ಲುಗಳ ಕೆಳಗಿನ ಅರ್ಧದ ಬಗ್ಗೆ.

ಶಾಸನ ಓದೋದನ್ನು ನಮ್ಮಷ್ಟಕ್ಕೆ ನಾವೇ ಕಲಿತವರಲ್ಲಿ ಒಂದು ಚಾಳಿ ಇದೆ. ರಾಜನ ಬಿರುದು, ಶಕ ವರ್ಷ, ಸಂವತ್ಸರ, ಕೆರೆ ಕಟ್ಟಿಸಿದವನ ಹೆಸರು ಸಿಕ್ಕಿತೋ, ಅಲ್ಲಿಗೆ ಮುಗೀತು. ಅದರ ಕೆಳಗೆ ಮತ್ತರು ಎಷ್ಟು, ಕಮ್ಮ ಎಷ್ಟು, ಯಾವ ಗಳೆಯ ಅಳತೆ, ಮೂಡಲಿಗೆ ಯಾವ ಹುಣಸೆ ಮರ, ತೆಂಕಲಿಗೆ ಯಾವ ಹಳ್ಳ ಎಂದು ಬರುವ ಸಾಲುಗಳು ಬೇಸರ ತರಿಸುತ್ತವೆ. ನನ್ನೂರು ಭಾಲ್ಕಿ ತಾಲೂಕಿನ ಸಾಯಗಾಂವ. ಹೊಟ್ಟೆಪಾಡು ಬೆಂಗಳೂರಿನಲ್ಲಿ, ಮನೆ ಒಂದು ಕೆರೆಯ ದಂಡೆಯ ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿನ ಮಾಲೀಕರ ಸಂಘಕ್ಕೆ ಎರಡು ವರ್ಷ ಖಜಾಂಚಿಯಾಗಿ ದುಡಿದ ಮೇಲೆ ನನಗೆ ಆ ಬೇಸರದ ಸಾಲುಗಳೇ ಶಾಸನದ ಜೀವ ಅನ್ನಿಸತೊಡಗಿದೆ. ಯಾಕಂದ್ರೆ ಸಂಘ ಇರೋದು ಅಲ್ಲೇ. ಯಾರು ಸದಸ್ಯ, ಯಾರು ಎಷ್ಟು ಕೊಡಬೇಕು, ಕೊಟ್ಟದ್ದು ಯಾವುದಕ್ಕೆ ಖರ್ಚಾಗಬೇಕು, ತಪ್ಪಿದರೆ ಏನು.

ಮೊದಲು ಹಣದ ಮಾತು. ಗಂಗರ, ನೊಳಂಬರ, ಬಾಣರ ಕಾಲದ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಇದರ ನಿಖರ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಬೆಳೆಯ ಪಾಲು ಅಂತ ಕೆಲವರು, ಬಿಟ್ಟುಕೊಟ್ಟ ಭೂಮಿ ಅಂತ ಕೆಲವರು. ಆದರೆ ಕೆಲಸ ಸ್ಪಷ್ಟ: ಕೆರೆಯ ನೀರಿನಿಂದ ಬಂದದ್ದರಲ್ಲಿ ಒಂದಂಶ ಕೆರೆಗೇ ಹೋಗಬೇಕು. ಕೆರೆ ಕಟ್ಟಿದವನಿಗೆ, ದುರಸ್ತಿ ಮಾಡಿದವನಿಗೆ ಆ ಕೆರೆಯ ಕೆಳಗೇ ಕೊಡುತ್ತಿದ್ದ ಜಮೀನು ‘ಕಟ್ಟುಗೊಡಗೆ’. ಹತ್ತರಲ್ಲೊಂದು ಪಾಲಿನ ಲೆಕ್ಕದಲ್ಲಿ ಬರುವುದು ‘ದಶವಂದ’. ಮುಂದೆ ‘ಕೆರೆಯ ಬಂಡಿ’ಗೆ ಅಂತಲೇ ಭೂಮಿ ಬಿಟ್ಟ ಶಾಸನಗಳೂ ಸಿಗುತ್ತವೆ. ಹೂಳು ಹೊರುವ ಬಂಡಿ, ಅದನ್ನೆಳೆಯುವ ಕೋಣ, ಹೊಡೆಯುವ ಆಳು, ಇವರ ವರ್ಷದ ಹೊಟ್ಟೆಗೆ ಆಗುವಷ್ಟು ನೆಲ.

ಎಂಜಿನಿಯರನ ಕಣ್ಣಿಗೆ ಇಲ್ಲಿ ಒಂದು ವಿಷಯ ತಟ್ಟನೆ ಹೊಳೆಯುತ್ತದೆ. ನಮ್ಮ ಸಂಘಗಳು ಮಾಡೋ ಹಾಗೆ ‘ಕಾರ್ಪಸ್’ ಅಂತ ಒಂದು ಗಂಟು ಹಣ ಬ್ಯಾಂಕಿನಲ್ಲಿಟ್ಟು ಬಡ್ಡಿ ತಿನ್ನುವ ಪದ್ಧತಿ ಅವರಿಗೂ ಗೊತ್ತಿತ್ತು. ಮಹಾಜನರ ಕೈಗೆ ಇಷ್ಟು ಗದ್ಯಾಣ ಕೊಟ್ಟು, ಅದರ ಬಡ್ಡಿಯಲ್ಲಿ ನಂದಾದೀಪ ಉರಿಸಬೇಕು ಅನ್ನುವ ಶಾಸನಗಳು ಎಷ್ಟೋ ಇವೆ. ಆದರೆ ಕೆರೆಯ ವಿಷಯ ಬಂದಾಗ ಅವರು ಹೆಚ್ಚಾಗಿ ಗದ್ಯಾಣವನ್ನು ನಂಬದೆ ನೆಲವನ್ನೇ ನಂಬಿದರು. ಗದ್ಯಾಣದ ಬೆಲೆ ಇಳಿಯಬಹುದು, ನೆಲದ ಬೆಳೆ ಆಯಾ ಕಾಲದ ಬೆಲೆಗೇ ಮಾರಾಟವಾಗುತ್ತದೆ. ಜೊತೆಗೆ ಆ ನೆಲ ಇರೋದು ಕೆರೆಯ ಕೆಳಗೇ. ಹೂಳು ತೆಗೆಯದಿದ್ದರೆ ಮೊದಲು ಒಣಗೋದು ಹೂಳು ತೆಗೆಯಬೇಕಾದವನ ಗದ್ದೆ. ಇದಕ್ಕಿಂತ ಗಟ್ಟಿಯಾದ ಬೈಲಾ ನಾನು ನೋಡಿಲ್ಲ. ಇದಕ್ಕೊಂದು ದೌರ್ಬಲ್ಯವೂ ಇದೆ. ಏರಿ ಒಡೆದ ವರ್ಷ ದುರಸ್ತಿಗೆ ಹಣ ಹೆಚ್ಚು ಬೇಕು, ಆ ವರ್ಷವೇ ಪಾಲು ಸೊನ್ನೆ.

ಇನ್ನು ಸದಸ್ಯತ್ವ. ಊರಿನ ಪರವಾಗಿ ದಾನ ಕೊಡುವವರ, ಸಾಕ್ಷಿ ನಿಲ್ಲುವವರ ಪಟ್ಟಿಯಲ್ಲಿ ಗಾವುಂಡರ ಜೊತೆ ‘ಅರುವತ್ತೊಕ್ಕಲು’ ಅಂತ ಬರುತ್ತದೆ. ಅರವತ್ತು ಜನ ಅಂತಲ್ಲ, ಅರವತ್ತು ಒಕ್ಕಲು. ಎಣಿಕೆಯ ಘಟಕ ತಲೆಯಲ್ಲ, ಒಲೆ. ನಮ್ಮ ಸಂಘಗಳಲ್ಲಿ ಫ್ಲಾಟಿಗೊಂದು ಮತ ಅನ್ನೋದೂ ಇದೇ ಜಾತಿಯದು. ಮನೆಯಲ್ಲಿ ಐದು ಜನ ವಯಸ್ಕರಿದ್ದರೂ ಕೈ ಎತ್ತೋದು ಒಬ್ಬರೇ.

ಈ ‘ಮನೆ ಇದ್ದವನಿಗೆ ಮತ’ ಎಂಬ ತತ್ವವನ್ನು ಕಲ್ಲಿನಲ್ಲಿ ಅತಿ ವಿವರವಾಗಿ ಕಾಣಬೇಕಾದರೆ ಕನ್ನಡನಾಡಿನ ಗಡಿ ದಾಟಿ ಉತ್ತರಮೇರೂರಿಗೆ ಹೋಗಬೇಕು. ಚೋಳ ಪರಾಂತಕನ ಕಾಲದ 919 ಮತ್ತು 921ರ ಎರಡು ಶಾಸನಗಳು. ಊರಿನ ಕೆಲಸಕ್ಕೆ ಬೇರೆ ಬೇರೆ ಸಮಿತಿ. ಅದರಲ್ಲಿ ‘ಏರಿ ವಾರಿಯಂ’ ಅಂದರೆ ಕೆರೆ ಸಮಿತಿಗೆ 6 ಜನ, ಅವಧಿ 360 ದಿನ. ಆಯ್ಕೆಗೆ ನಿಲ್ಲಲು ತೆರಿಗೆ ಕಟ್ಟುವ ಕಾಲು ವೇಲಿಗಿಂತ ಹೆಚ್ಚು ಭೂಮಿ ಇರಬೇಕು, ಸ್ವಂತ ನಿವೇಶನದಲ್ಲಿ ಕಟ್ಟಿದ ಮನೆ ಇರಬೇಕು, 921ರ ತಿದ್ದುಪಡಿಯ ಪ್ರಕಾರ ವಯಸ್ಸು 35ರಿಂದ 70ರೊಳಗೆ. ಹೆಸರು ಬರೆದ ಓಲೆಗಳನ್ನು ಕೊಡದಲ್ಲಿ ಹಾಕಿ ಮಗುವಿನ ಕೈಯಿಂದ ಎತ್ತಿಸಬೇಕು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು: ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು ಅನರ್ಹ. ಅವನೊಬ್ಬನೇ ಅಲ್ಲ, ಅವನ ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು, ಸೋದರಮಾವ, ಹೆಣ್ಣು ಕೊಟ್ಟ ಮಾವ, ಭಾವಮೈದುನ ಎಲ್ಲರೂ ಹೊರಗೆ. ಈ ನಿಯಮವನ್ನು ನಮ್ಮ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದ ದಿನ ಯಾರೂ ಲೈಕ್ ಒತ್ತಲಿಲ್ಲ.

ಇದನ್ನೋದಿ ‘ಆಹಾ, ಎಂಥ ಪ್ರಜಾಪ್ರಭುತ್ವ’ ಅಂತ ಕುಣಿಯುವ ಬರಹಗಳು ಬೇಕಾದಷ್ಟಿವೆ. ನನಗೆ ಅಷ್ಟು ಉತ್ಸಾಹವಿಲ್ಲ. ಆ ಯೋಗ್ಯತೆಗಳಲ್ಲಿ ವೇದಾಧ್ಯಯನವೂ ಒಂದು. ಕೆರೆಯ ಮಣ್ಣು ಹೊತ್ತವನಿಗೆ, ಗದ್ದೆಯನ್ನು ಪಾಲಿಗೆ ಮಾಡುವವನಿಗೆ, ಹೆಂಗಸರಿಗೆ ಕೊಡದೊಳಗೆ ಓಲೆಯೇ ಇಲ್ಲ. ನಮ್ಮ ಕಡೆಯ ಅಗ್ರಹಾರಗಳ ಮಹಾಜನರೂ ಹಾಗೇ. ಕೆರೆ ತೋಡಿದ ಒಡ್ಡರ ಹೆಸರನ್ನು ಹೊತ್ತ ಕೆರೆ ಶಾಸನ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಾಗಿದ್ರೂ ಅವರ ಬರವಣಿಗೆಯ ಶಿಸ್ತನ್ನು ಮೆಚ್ಚಬೇಕು. ಹರಿಹರದ 1410ರ ಶಾಸನವನ್ನೇ ನೋಡಿ. ಬೆಳ್ಳೂಡಿಯ ಸೀಮೆಯಲ್ಲಿ ಹರಿದ್ರಾ ನದಿಗೆ ಅಣೆ ಕಟ್ಟಿ ಹರಿಹರದವರೆಗೆ ಕಾಲುವೆ ತರುವ ಬಗ್ಗೆ ಆದ ಒಪ್ಪಂದ ಅದು. ಕಾಲುವೆ ಹೋದಷ್ಟು ದೂರ ನೀರಾವರಿಯಾಗುವ ಭೂಮಿಯಲ್ಲಿ ಎರಡು ಪಾಲು ಹರಿಹರ ದೇವರಿಗೆ, ಒಂದು ಪಾಲು ಸ್ವಂತ ಖರ್ಚಿನಲ್ಲಿ ಕೆಲಸ ಮಾಡಿಸಿದ ಬ್ರಾಹ್ಮಣರಿಗೆ. ಹಾಗೆ ಪಾಲು ಹಾಕಿಕೊಂಡ ಅಣೆ 1424ರ ಹೊತ್ತಿಗೆ ಒಡೆದುಹೋಗಿ, ಅದನ್ನು ಮತ್ತೆ ಕಟ್ಟಿಸಿದ್ದಕ್ಕೆ ಇನ್ನೊಂದು ಶಾಸನ ಹಾಕಿಸಬೇಕಾಯಿತು. ಒಪ್ಪಂದದಿಂದ ಒಡೆಯುವವರೆಗೆ 14 ವರ್ಷ. ಬಿಲ್ಡರ್ ಕೈಬಿಟ್ಟು ಹೋದ ಮೇಲೆ ಮೊದಲ ದೊಡ್ಡ ರಿಪೇರಿ ಬರುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ ಅಂತ ಸಂಘ ನಡೆಸಿದವರು ಬಲ್ಲರು.

ಕಟ್ಟುವ ಹುಮ್ಮಸ್ಸಿಗೆ ದೊಡ್ಡ ಉದಾಹರಣೆ ಪೋರುಮಾಮಿಳ್ಳ. ಇಂದಿನ ಕಡಪ ಜಿಲ್ಲೆಯ ಈ ಕೆರೆಯನ್ನು ಕಟ್ಟಿಸಿದವನು ವಿಜಯನಗರದ ಒಂದನೆಯ ಬುಕ್ಕನ ಮಗ ಭಾಸ್ಕರ. ಶಾಸನ 1369ರದು, ಸಂಸ್ಕೃತದಲ್ಲಿದೆ. ದಿನಕ್ಕೆ 1000 ಆಳು, 100 ಬಂಡಿ, 2 ವರ್ಷ ಕೆಲಸ. ಕೆರೆ ಇವತ್ತಿಗೂ ಇದೆ. ಒಳ್ಳೆಯ ಕೆರೆಗೆ ಬೇಕಾದ 12 ಸಾಧನಗಳನ್ನು ಅದು ಪಟ್ಟಿ ಮಾಡುತ್ತದೆ: ಧರ್ಮಿಷ್ಠನೂ ಹಣವಂತನೂ ಆದ ರಾಜ, ಜಲಶಾಸ್ತ್ರ ಬಲ್ಲವನು, ಗಟ್ಟಿ ನೆಲ, ಸಿಹಿನೀರಿನ ನದಿ, ಹತ್ತಿರದಲ್ಲೇ ಕಲ್ಲುಗಣಿ, ನುರಿತ ಕೆಲಸಗಾರರು ಇತ್ಯಾದಿ. ನಾನು ಹನ್ನೆರಡನ್ನೂ ಬೆರಳೆಣಿಸಿ ನೋಡಿದೆ. ಹೂಳು ತೆಗೆಯುವವನು ಎಲ್ಲೂ ಇಲ್ಲ. ಹಂಪಿಯ ಲಕ್ಷ್ಮೀಧರಾಮಾತ್ಯನ ಶಾಸನದಲ್ಲೂ ಅಷ್ಟೇ. ಮಗನಿಗೆ ಹಾಲೂಡುತ್ತ ಕೆರೆ ಕಟ್ಟಿಸು ಅಂತ ಕಿವಿಯಲ್ಲಿ ಹೇಳಿದ ತಾಯಿ, ಕಟ್ಟಿದ್ದನ್ನು ಪ್ರತಿ ಬೇಸಿಗೆ ಕೆರೆಸು ಅಂತ ಹೇಳಿದ ಹಾಗೆ ಕಾಣೆ. ಕಟ್ಟಿದವರಿಗೆ ಕಾವ್ಯ, ಕಾಯುವವರಿಗೆ ಮತ್ತರು ಕಮ್ಮದ ಗದ್ಯ!

ಪೋರುಮಾಮಿಳ್ಳದ ಶಾಸನ 6 ದೋಷಗಳನ್ನೂ ಹೇಳುತ್ತದೆ. ಏರಿಯಲ್ಲಿ ನೀರು ಜಿನುಗೋದು, ಸವುಳು ಮಣ್ಣು, ನಡುವೆ ದಿಬ್ಬ, ನೀರು ಕಮ್ಮಿ ಹೊಲ ಜಾಸ್ತಿ, ನೀರು ಜಾಸ್ತಿ ಹೊಲ ಕಮ್ಮಿ. ಉಳಿದ ಒಂದು ದೋಷ, ಎರಡು ರಾಜ್ಯಗಳ ಗಡಿಯಲ್ಲಿ ಇರೋದು. ಸಾಯಗಾಂವದವನಿಗೆ ಇದು ಚುರುಕ್ ಅನ್ನದೇ ಇರುತ್ತದೆಯೇ? ಮಹಾರಾಷ್ಟ್ರ ನಮಗೆ ಕೂಗಳತೆಯಲ್ಲಿದೆ. ನಮ್ಮ ಮಾಂಜ್ರಾ ಹುಟ್ಟುವುದು ಬೀಡ ಜಿಲ್ಲೆಯ ಬಾಲಾಘಾಟ ಗುಡ್ಡದಲ್ಲಿ, ಭಾಲ್ಕಿ–ಔರಾದ ಸೀಮೆ ದಾಟಿ ಹೋಗುವುದು ತೆಲಂಗಾಣಕ್ಕೆ. ಮೇಲೂ ಕೆಳಗೂ ಬೇರೆಯವರ ಅಣೆಕಟ್ಟು. ಈ ಹೊಳೆಯ ನೀರಿನ ಪಾಲು ತೀರ್ಮಾನವಾಗಲು ಗೋದಾವರಿ ನ್ಯಾಯಮಂಡಳಿಯೇ ಕೂತು 1980ರಲ್ಲಿ ಐತೀರ್ಪು ಕೊಡಬೇಕಾಯಿತು. ಗಡಿಯಲ್ಲಿ ಎಂಜಿನಿಯರಿಂಗ್ ಕೆಡೋದಿಲ್ಲ, ಲೆಕ್ಕ ಕೆಡುತ್ತದೆ. ಕೊಡುವವನೊಬ್ಬ, ಉಣ್ಣುವವನೊಬ್ಬ ಆದಾಗ ಬಿತ್ತುವಟ್ಟ ವಸೂಲಿ ಮಾಡೋದು ಯಾರು?

ಆ ವ್ಯವಸ್ಥೆ ಯಾವಾಗ ಸತ್ತಿತು ಅನ್ನೋದಕ್ಕೆ ಒಂದೇ ತಾರೀಖು ಕೊಡಲಾಗದು. ಮೈಸೂರು ಸಂಸ್ಥಾನ 1911ರಲ್ಲಿ ಕೆರೆ ಪಂಚಾಯಿತಿ ಕಾಯ್ದೆ ತಂದು ಊರವರ ಕೈಗೆ ಕೆರೆ ಮರಳಿಸಲು ನೋಡಿತು. ಬೀದರ ಆಗ ನಿಜಾಮರ ಆಡಳಿತದಲ್ಲಿತ್ತು. ಏಕೀಕರಣದ ನಂತರ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದು ತೋಟಿ, ತಳವಾರ, ನೀರಗಂಟಿಯಂಥ ವಂಶಪಾರಂಪರ್ಯ ಹುದ್ದೆಗಳು ಹೋದವು. ಹೋಗಲೇಬೇಕಿತ್ತು. ಹುಟ್ಟಿದ ಜಾತಿಯ ಕಾರಣಕ್ಕೆ ಒಬ್ಬ ಊರಿನ ತೂಬು ಕಾಯುತ್ತ ಸಾಯಬೇಕು ಅನ್ನೋ ಪದ್ಧತಿಗೆ ನಾನಂತೂ ಕಣ್ಣೀರು ಹಾಕುವುದಿಲ್ಲ. ಆ ಹುದ್ದೆಗೆ ಅಂಟಿದ್ದ ಜಮೀನು ಅವರಿಗೇ ಮರುಮಂಜೂರಾಗುವ ಹಾದಿಯಾಯಿತು, ಅದೂ ನ್ಯಾಯವೇ. ಆದರೆ ಕೆರೆಗೆ ಅಂತ ಇದ್ದ ನೆಲದ ಪಾಲಿನ ಜಾಗಕ್ಕೆ ಇನ್ನೊಂದು ಪಾಲನ್ನು ಯಾರೂ ಬರೆಯಲಿಲ್ಲ. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಜಲಸಂವರ್ಧನೆ ಯೋಜನೆ ಶುರುವಾದಾಗ ಅದರ ಜಿಲ್ಲೆಗಳಲ್ಲಿ ಬೀದರವೂ ಒಂದು. ಕೆರೆ ಬಳಕೆದಾರರ ಸಂಘಗಳಾದವು, ಹೂಳು ಹೊಲಕ್ಕೆ ಹೋಯಿತು. ಒಳ್ಳೆಯ ಕೆಲಸ. ಪ್ರಾಜೆಕ್ಟಿನ ಹಣ ನಿಂತ ಮೇಲೆ ಸಂಘ ಯಾವ ಕಾಲ ಮೇಲೆ ನಿಲ್ಲಬೇಕು ಅನ್ನೋದು ಮಾತ್ರ ಹಳೆಯ ಪ್ರಶ್ನೆಯೇ. ಊರಿಗೆ ಹೋದಾಗ ಈ ಮಾತೆತ್ತಿದರೆ ಕಾಕಾ ಒಬ್ಬರು ನಕ್ಕರು. “ಕೆರಿ ಸರ್ಕಾರದ್ದದ ತಮ್ಮಾ, ಅದ್ರಾಗ ನಮ್ದೇನದ? ನಮ್ದು ಬೋರ್ ಅದ.”

ಕಾಕಾನ ಮಾತನ್ನೇ ಬೆಂಗಳೂರಿನ ಇಂಗ್ಲಿಷಿನಲ್ಲಿ ನಮ್ಮ ವಾರ್ಷಿಕ ಸಭೆಯಲ್ಲೂ ಕೇಳಿದ್ದೇನೆ. 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಸಾಮಾನ್ಯ ಸ್ವತ್ತು ಅಂದರೆ ಕಾಂಪೌಂಡಿನ ಒಳಗಿನ ನೆಲ, ಮೆಟ್ಟಿಲು, ಲಿಫ್ಟು, ಪಂಪು. ಕೆರೆ ಕಾಂಪೌಂಡಿನ ಆಚೆ. ‘ಲೇಕ್ ವ್ಯೂ’ ಅಂತ ಚದರಡಿಗೆ ಹೆಚ್ಚು ಕೊಟ್ಟು ಕೊಂಡವರು, ಆ ಲೇಕಿನ ಜೊಂಡು ತೆಗೆಸಲು ತಿಂಗಳಿಗೆ ಐವತ್ತು ರೂಪಾಯಿ ಅಂದರೆ ‘ಅದು ಪಾಲಿಕೆಯ ಕೆಲಸ’ ಅಂತಾರೆ. ಕಾನೂನಿನ ಪ್ರಕಾರ ಅವರ ಮಾತು ಸರಿ. ಆದರೆ ಅರುವತ್ತೊಕ್ಕಲಿಗೂ ಕೆರೆಗೂ ಇದ್ದ ಸಂಬಂಧ ಉಣ್ಣುವ ಸಂಬಂಧ. ನಮ್ಮದು ನೋಡುವ ಸಂಬಂಧ, ಜೊತೆಗೆ ಕೊಳಚೆ ಬಿಡುವ ಸಂಬಂಧ. ಬಾಕಿ ವಸೂಲಾಗದಿರುವುದರ ಬೇರು ಅಲ್ಲಿದೆ ಅನ್ನೋದು ಖಜಾಂಚಿಯಾಗಿ ನನ್ನ ಅಂದಾಜು.

ದಾರಿ ಇಲ್ಲ ಅಂತೇನಲ್ಲ. ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆಯ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡಿಕೊಂಡರು. 2011ರಲ್ಲಿ ಪಾಲಿಕೆಯ ಜೊತೆ ಒಪ್ಪಂದ ಬರೆದು ನಿರ್ವಹಣೆ ವಹಿಸಿಕೊಂಡರು. ಒತ್ತಿನ ವಸತಿ ಸಮುಚ್ಚಯದಲ್ಲಿ ಶುದ್ಧೀಕರಿಸಿದ ನೀರನ್ನೇ ಕೆರೆಗೆ ಹರಿಸುವ ಏರ್ಪಾಡೂ ಆಯಿತು. ಶಾಸನ ಓದುವವನಿಗೆ ಇದು ಬಿತ್ತುವಟ್ಟವೇ, ತಿರುಗಾ ಮುರುಗಾ: ಕೆರೆಯ ನೀರು ಉಂಡು ಪಾಲು ಕೊಡುವ ಬದಲು, ತಾನು ಬಳಸಿದ ನೀರನ್ನು ತೊಳೆದು ಕೆರೆಗೆ ಪಾಲು ಕೊಡುವುದು. ನಮ್ಮ ಸಂಘದ ಮುಂದಿನ ಸಭೆಗೆ ನಾನು ಕೊಟ್ಟಿರುವ ಠರಾವು ಇದರ ಬೆನ್ನಿಗೇ ಬಂದದ್ದು. ನಮ್ಮ ಶುದ್ಧೀಕರಣ ಘಟಕದಲ್ಲಿ ಉಳಿಯುವ ನೀರನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು ಕೆರೆಗೆ ಬಿಡಬೇಕು, ಮೇಂಟೆನೆನ್ಸಿನ ಒಂದು ಗೊತ್ತಾದ ಅಂಶ ಕೆರೆಗೆ ಮೀಸಲಾಗಬೇಕು, ಅದರ ಲೆಕ್ಕ ಗೇಟಿನ ಬಳಿ ಬೋರ್ಡಿನ ಮೇಲೆ ಇರಬೇಕು. ಶಾಪಾಶಯ ಸೇರಿಸಬೇಕೇ ಅಂತ ಒಬ್ಬ ಹಿರಿಯರು ಕೇಳಿದರು. ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ದಂಡಕ್ಕಿಂತ ಶೇಕಡಾ 12ರ ಬಡ್ಡಿಗೆ ನಮ್ಮವರು ಹೆಚ್ಚು ಹೆದರುತ್ತಾರೆ ಅಂದೆ.

ಕೊನೆಗೆ ಕ್ಷೇತ್ರಕಾರ್ಯದ ಒಂದು ಮಾತು. ಭಾಲ್ಕಿ, ಔರಾದ, ಬೀದರ ಸುತ್ತಮುತ್ತ ತಿರುಗುವ ಗೆಳೆಯರು ಕೆರೆ, ಬಾವಿ, ಹಳೆಯ ಒಡ್ಡಿನ ಹತ್ತಿರ ಕಲ್ಲು ಕಂಡರೆ ಮೇಲಿನ ಸೂರ್ಯಚಂದ್ರ, ಲಿಂಗ, ಹಸುಕರುವಿನ ಫೋಟೊ ತೆಗೆದು ಬಂದುಬಿಡಬೇಡಿ. ಪಾಲಿನ ಲೆಕ್ಕ ಇರೋದು ಸಾಮಾನ್ಯವಾಗಿ ಕೆಳಗಿನ ಸಾಲುಗಳಲ್ಲಿ, ಕಲ್ಲಿನ ಪಕ್ಕದಲ್ಲಿ, ಕೆಲವೊಮ್ಮೆ ಹಿಂಬದಿಯಲ್ಲಿ. ನೀವಾಗಿ ಅಗೆಯೋದು, ಕೀಳೋದು ಬೇಡ. ಊರವರಿಗೂ ಇಲಾಖೆಗೂ ತಿಳಿಸಿ. ಸುಣ್ಣ, ಅರಿಶಿಣ, ಎಣ್ಣೆ ಹಚ್ಚಬೇಡಿ. ಮೆತ್ತನೆ ಬ್ರಷ್ಷಿನಿಂದ ಧೂಳು ಒರೆಸಿ, ಸಂಜೆಯ ಓರೆ ಬಿಸಿಲಿನಲ್ಲಿ ನಾಲ್ಕೂ ಕಡೆ ಚಿತ್ರ ತೆಗೆಯಿರಿ. ಜಿಪಿಎಸ್ ಗುರುತಿನ ಜೊತೆ, ಕಲ್ಲು ಏರಿಯ ಯಾವ ಭಾಗದಲ್ಲಿದೆ, ತೂಬಿಗೆ ಎಷ್ಟು ಹೆಜ್ಜೆ, ಕೋಡಿಗೆ ಎಷ್ಟು ಹೆಜ್ಜೆ ಅಂತಲೂ ಬರೆದಿಡಿ. ಕೆಳಗಿನ ಹೊಲಗಳನ್ನು ಊರವರು ಯಾವ ಹೆಸರಿನಿಂದ ಕರೀತಾರೆ ಅಂತ ಕೇಳೋದನ್ನು ಮರೆಯಬೇಡಿ.